ಪಾಲಿಶ್ ಅಲ್ಲ, ಒಪ್ಪ

‘ಭಾಷೆಗೆ ಇನ್ನಷ್ಟು ಪಾಲಿಶ್ ಬೇಕಿತ್ತು’ ಎಂಬ ಮಾತು ನಮ್ಮ ಪುಸ್ತಕ ವಿಮರ್ಶೆಗಳಲ್ಲಿ ಸವೆದುಹೋಗಿದೆ. ಪಾಲಿಶ್ ಎಂದೊಡನೆ ನೆನಪಾಗುವುದು ಬೂಟು, ಮೇಲೆ ಬಳಿಯುವಂಥದ್ದು. ಕನ್ನಡದ ‘ಒಪ್ಪ’ ಹಾಗಲ್ಲ. ಒಡವೆಗೆ ಒಪ್ಪವಿಡುವುದೆಂದರೆ ಉಜ್ಜಿ ಹೊಳಪು ತರುವುದು ನಿಜ. ಆದರೆ ಪದದ ಬೇರಿರುವುದು ‘ಒಪ್ಪು’ವಿನಲ್ಲಿ: ಹೊಂದು, ಸಮ್ಮತಿಸು. ಹಳಗನ್ನಡದಲ್ಲಿ ಒಪ್ಪುವುದೆಂದರೆ ಶೋಭಿಸುವುದೂ ಹೌದು. ತಮಿಳಿನ ‘ಒಪ್ಪಂ’ ಹೋಲಿಕೆಯೂ ಹೌದು, ಮೆರುಗೂ ಹೌದು. ಮಲಯಾಳದಲ್ಲಿ ‘ಒಪ್ಪ್’ ಸಹಿ. ನಮ್ಮ ಶಾಸನಗಳ ಕೊನೆಯ ‘ಒಪ್ಪ’ವೂ ಅದೇ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಸತ್ತವರನ್ನು ಮಣ್ಣಿಗಿಡುವುದಕ್ಕೂ ‘ಒಪ್ಪ ಮಾಡುವುದು’ ಎನ್ನುತ್ತಾರೆ. ಅಲ್ಲೆಲ್ಲಿಯ ಹೊಳಪು? ಆಗಬೇಕಾದ್ದು ಆಗಬೇಕಾದಂತೆ ಆಯಿತು, ಅಷ್ಟೆ.

ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಅದರ ನುಡಿ ಓದುಗರನ್ನು ತಡವರಿಸಿತ್ತು. ನಂಜನಗೂಡು ಸೀಮೆಯ ಆಡುಮಾತದು. ಪಾಲಿಶ್ ಹುಡುಕಿದವರಿಗೆ ಸಿಗುವುದಿಲ್ಲ. ಒಪ್ಪ ಮಾತ್ರ ಸಾಲುಸಾಲಿಗೂ ಇದೆ: ಮಾತು ಆಡುವವರ ಬಾಯಿಗೂ, ಆ ಲೋಕಕ್ಕೂ ಒಪ್ಪುತ್ತದೆ. ಅದನ್ನು ಶಿಷ್ಟಗನ್ನಡಕ್ಕೆ ತಿದ್ದಿದ್ದರೆ ಓದು ಸಲೀಸಾಗುತ್ತಿತ್ತು, ಆ ಜನ ಕಾಣೆಯಾಗುತ್ತಿದ್ದರು. ಇಷ್ಟಾದರೂ ಹೊಸಬರ ಹಸ್ತಪ್ರತಿ ಕೈಗೆ ಬಂದರೆ ಸಂಪಾದಕರು ಮೊದಲು ಕೇಳುವುದು ಪಾಲಿಶನ್ನೇ.