ಮೂಲಪತ್ರವೂ ಮೈಕ್ರೋಫಿಲ್ಮೂ: ಒಂದು ವಿಮರ್ಶೆ

ಅಮೆರಿಕದ ಲೇಖಕರಾದ ನಿಕೊಲ್ಸನ್ ಬೇಕರರು 2001ರಲ್ಲಿ ಪ್ರಕಟಿಸಿದ ‘ಡಬಲ್ ಫೋಲ್ಡ್’ ಎಂಬ ಗ್ರಂಥವು ಗ್ರಂಥಪಾಲಕರ ವಲಯದಲ್ಲಿ ದೊಡ್ಡ ವಾದಕ್ಕೆ ಎಡೆಮಾಡಿತು. ಹಳೆಯ ವೃತ್ತಪತ್ರಿಕೆಗಳ ಕಾಗದವು ಪುಡಿಯಾಗುವುದೆಂಬ ಭಯದಿಂದ ದೊಡ್ಡ ಗ್ರಂಥಾಲಯಗಳು ಅವನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಮೂಲಪ್ರತಿಗಳನ್ನು ಕಳೆದುಕೊಂಡುವೆಂಬುದು ಅವರ ಆಕ್ಷೇಪಣೆ. ಪುಟದ ಮೂಲೆಯನ್ನು ಹಿಂದೆಮುಂದೆ ಮಡಿಸಿ, ಅದು ಮುರಿಯುವವರೆಗಿನ ಎಣಿಕೆಯಿಂದ ಕಾಗದದ ಆಯುಸ್ಸನ್ನು ನಿರ್ಣಯಿಸುವ ಪರೀಕ್ಷೆಯೊಂದುಂಟು. ಗ್ರಂಥದ ಹೆಸರು ಅದರಿಂದಲೇ ಬಂದಿದೆ. ಪುಸ್ತಕವನ್ನು ಓದುವವರು ಯಾರೂ ಪುಟವನ್ನು ಹಾಗೆ ಮಡಿಸುವುದಿಲ್ಲವೆಂಬ ಅವರ ವಾದವು ಸಮಂಜಸವೆಂದೇ ನಾವು ಭಾವಿಸುತ್ತೇವೆ.

ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳ ಚರಿತ್ರೆಗೆ ಈ ವಾದವನ್ನು ಅನ್ವಯಿಸಿದಾಗ ಅದರ ಮಿತಿಯೂ ಗೋಚರಿಸುತ್ತದೆ. ಈ ಸೀಮೆಯ ಬಹುಭಾಗವನ್ನು ಆಳಿದ ಸೋದೆಯ ಅರಸರು 18ನೆಯ ಶತಮಾನದಲ್ಲಿ, ಹೈದರನ ದಂಡಯಾತ್ರೆಯ ಕಾಲಕ್ಕೆ, ಗೋವೆಯ ಪೋರ್ತುಗೀಜರ ಆಶ್ರಯ ಪಡೆದರು. 1799ರಲ್ಲಿ ಕನ್ನಡ ಜಿಲ್ಲೆಯು ಇಂಗ್ಲಿಷರ ವಶವಾಗಿ ಮದರಾಸಿಗೆ ಸೇರಿತು. 1862ರಲ್ಲಿ ಅದರ ಉತ್ತರಭಾಗವು ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಬಂದಿತು. ಆದುದರಿಂದ ಇಲ್ಲಿಯ ಚರಿತ್ರೆಯ ಆಧಾರಗಳು ಪಣಜಿ, ಚೆನ್ನೈ, ಮುಂಬಯಿ, ಬೆಂಗಳೂರು, ಲಂಡನ್ನುಗಳಲ್ಲಿ ಚದರಿಹೋಗಿವೆ. ಗೋವೆಯ ದಫ್ತರಗಳ ಫಿಲ್ಮುಗಳು ಲಿಸ್ಬನ್ನಿನಲ್ಲಿಯೂ ಇವೆ. ಅಲ್ಲಿಯ ಸಾಗರೋತ್ತರ ಫಿಲ್ಮಾಗಾರದ ಬುಲೆಟಿನ್ನು 1954ರಲ್ಲಿ ಆರಂಭವಾಯಿತು. ಕಾಳಿ ನದಿಯ ಅಣೆಕಟ್ಟಿನಿಂದ ಸೂಪಾ ಪಟ್ಟಣವೇ ಮುಳುಗಿ, ತಾಲೂಕು ಕೇಂದ್ರವು ಜೋಯಿಡಾಕ್ಕೆ ಬಂದಿತು. ಸ್ಥಳವನ್ನೇ ನೋಡಲಾಗದ ವಿದ್ಯಾರ್ಥಿಗೆ ಕಾಗದಪತ್ರವೇ ಗತಿ. ಆ ಪತ್ರವೂ ದೂರದಲ್ಲಿದ್ದರೆ ಫಿಲ್ಮೇ ಗತಿ. ಇಂಥವನಿಗೆ ಮೈಕ್ರೋಫಿಲ್ಮು ಕಾಗದದ ವೈರಿಯಲ್ಲ, ಸೇತುವೆ.

ಎರಡನೆಯದಾಗಿ, ಮೈಕ್ರೋಫಿಲ್ಮೆಂಬುದು ಒಂದೇ ವಸ್ತುವಲ್ಲ. ಇದನ್ನು ಮರೆತು ಅದನ್ನು ಹೊಗಳುವವರೂ ತೆಗಳುವವರೂ ಸಮಾನವಾಗಿ ತಪ್ಪುತ್ತಾರೆ. ಹಳೆಯ ಸುರುಳಿಗಳ ಆಧಾರಪಟಲವು ಸಾಮಾನ್ಯವಾಗಿ ಅಸಿಟೇಟು, ಈಚಿನವು ಪಾಲಿಯೆಸ್ಟರು. ಸುರುಳಿಯನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿದರೆ ಪಾಲಿಯೆಸ್ಟರಿನ ಮೂಲಕ ಬೆಳಕು ಹಾಯುತ್ತದೆ, ಅಸಿಟೇಟು ಕಪ್ಪಾಗಿ ಕಾಣುತ್ತದೆ. ಅಸಿಟೇಟು ಸುಲಭವಾಗಿ ಹರಿಯುತ್ತದೆಂಬುದೂ ನಿಜವೇ. ಆದರೆ ಕಾಗದದ ಮೂಲೆ ಮುರಿಯುವುದನ್ನು ಖಂಡಿಸಿದವರು ಫಿಲ್ಮನ್ನು ಹರಿದು ಪರೀಕ್ಷಿಸಲಾಗದು, ಬೆಳಕೇ ಸಾಕು. ಚಿತ್ರವೂ ಮೂರು ಬಗೆಯದು. ಬೆಳ್ಳಿಯ ಫಿಲ್ಮಿನ ಒಂದು ಮುಖ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಡಯಾಜೋ ಫಿಲ್ಮು ಎರಡು ಮುಖಗಳಲ್ಲಿಯೂ ಹೊಳೆಯುತ್ತದೆ. ಅದರ ಚಿತ್ರವು ಬಣ್ಣದಿಂದಾದುದರಿಂದ ಬೆಳಕಿನಲ್ಲಿ ಮಾಸುತ್ತದೆ. ವೆಸಿಕ್ಯುಲರ್ ಫಿಲ್ಮಿನ ಚಿತ್ರವು ಸೂಕ್ಷ್ಮ ಗುಳ್ಳೆಗಳಿಂದಾದುದು. ಅದು ಶಾಖವನ್ನು ತಾಳದು. ಇವುಗಳಲ್ಲಿ ಬೆಳ್ಳಿಯ ಚಿತ್ರವಿರುವ ಪಾಲಿಯೆಸ್ಟರೇ ಶಾಶ್ವತ ಸಂರಕ್ಷಣೆಗೆ ಯೋಗ್ಯವೆಂದು ಪರಿಗಣಿತವಾಗಿದೆ.

ವರ್ಗೀಕರಣದಿಂದಲೇ ರಕ್ಷಣೆಯ ಕ್ರಮ ಹುಟ್ಟುತ್ತದೆ. ಅಸಿಟೇಟು ಕೊಳೆಯತೊಡಗಿದಾಗ ವಿನೆಗರಿನ ವಾಸನೆ ಬರುತ್ತದೆ; ಹೊರಬಂದ ಆಮ್ಲವು ಕೊಳೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸಿ ನೆರೆಯ ಸುರುಳಿಗಳಿಗೂ ತಗಲುತ್ತದೆ. ಅಂಥವನ್ನು ಕೂಡಲೆ ಬೇರ್ಪಡಿಸಿ, ತಂಪಿನಲ್ಲಿಟ್ಟು, ಹೊಸ ಪ್ರತಿ ತೆಗೆಸತಕ್ಕದ್ದು. ಬೆಳ್ಳಿಯ ಫಿಲ್ಮಿನೊಡನೆ ಡಯಾಜೋ, ವೆಸಿಕ್ಯುಲರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿಡಕೂಡದು. ಕ್ಯಾಮೆರಾದಿಂದ ಬಂದ ಮೂಲ ನೆಗೆಟಿವ್, ಪ್ರತಿ ತೆಗೆಯುವ ನೆಗೆಟಿವ್, ಓದುಗರ ಪ್ರತಿ—ಈ ಮೂರೂ ಬೇರೆ ಬೇರೆಯಾಗಿರಬೇಕು. ಮೊದಲನೆಯದನ್ನು ಓದುವ ಯಂತ್ರಕ್ಕೆ ಏರಿಸಲೇಬಾರದು. ಮೂಲ ನೆಗೆಟಿವ್ ಇಡುವ ಕೋಣೆಯು ಸದಾ ತಂಪಾಗಿಯೂ ಕಡಿಮೆ ಆರ್ದ್ರತೆಯುಳ್ಳದ್ದಾಗಿಯೂ ಇರಬೇಕು. ಜೋಯಿಡಾದ ಮಳೆಗಾಲವನ್ನು ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾದುದಿಲ್ಲ. ಬೀಗ ಹಾಕಿದ ಕಪಾಟು ಕಳ್ಳನನ್ನು ತಡೆದೀತು, ತೇವವನ್ನು ತಡೆಯಲಾರದು. ಇಲ್ಲಿಯ ಕಾಲೇಜುಗಳು ಓದುವ ಪ್ರತಿಗಳನ್ನಷ್ಟೇ ಇಟ್ಟುಕೊಂಡು, ಮೂಲ ನೆಗೆಟಿವನ್ನು ಸಜ್ಜಾದ ಪತ್ರಾಗಾರಕ್ಕೆ ಒಪ್ಪಿಸುವುದೇ ಲೇಸು.

ಕಡೆಯದಾಗಿ ನಮ್ಮ ಸಂಶೋಧನೆಯ ರೂಢಿಯ ಬಗ್ಗೆ ಒಂದು ಮಾತು. ಅಡಿಟಿಪ್ಪಣಿಯಲ್ಲಿ ‘ಮೈಕ್ರೋಫಿಲ್ಮ್’ ಎಂದಷ್ಟೇ ಬರೆದು ತೃಪ್ತರಾಗುವುದು ಸರಿಯಲ್ಲ. ಯಾವ ಪತ್ರಾಗಾರದ ಸುರುಳಿ, ಎಷ್ಟನೆಯ ಪ್ರತಿ, ಎಲ್ಲಿ ಪುಟ ಬಿಟ್ಟುಹೋಗಿದೆ ಎಂಬುದನ್ನು ತಿಳಿಸಬೇಕು. ಕಪ್ಪುಬಿಳುಪಿನ ಫಿಲ್ಮು ಕೆಂಪು ಶಾಯಿಯನ್ನು ಕಪ್ಪು ಶಾಯಿಯಿಂದ ಬೇರ್ಪಡಿಸಿ ತೋರಿಸದು. ಕಾಗದದ ನೀರಚ್ಚನ್ನೂ ಸಾಮಾನ್ಯವಾಗಿ ತೋರಿಸದು. ಮೋಡಿ ಅಕ್ಷರದ ಒಂದು ಮಾಸಿದ ಗೆರೆಯಿಂದ ಊರಿನ ಹೆಸರೇ ಬದಲಾದೀತು. 1955ರಲ್ಲಿ ಸ್ಥಾಪಿತವಾದ ಕಾಗದ ಗಿರಣಿಯಿಂದ ಹೆಸರಾದ ದಾಂಡೇಲಿಯ ವಿದ್ಯಾರ್ಥಿಗಳಿಗಾದರೂ ಕಾಗದವೂ ಒಂದು ಸಾಕ್ಷಿಯೆಂಬುದು ಹೊಳೆಯಬೇಕು. ಫಿಲ್ಮು ಮೂಲದ ಕಾವಲುಗಾರ, ವಾರಸುದಾರನಲ್ಲ. ಈ ಅರ್ಥದಲ್ಲಿ ಬೇಕರರ ಎಚ್ಚರಿಕೆಯನ್ನು ನಾವು ಒಪ್ಪುತ್ತೇವೆ. ಅದನ್ನು ಫಿಲ್ಮಿನ ನಿಂದೆಯೆಂದು ಓದುವುದನ್ನು ಮಾತ್ರ ಒಪ್ಪಲಾರೆವು.