ಇಲ್ಲದ ಡಬ್ಬಿಗಳ ಚೆಲುವು

ಖಾಲಿ ಕಡ್ಡಿಪೆಟ್ಟಿಗೆಗಳನ್ನು ದಾರದಲ್ಲಿ ಒಂದಕ್ಕೊಂದು ಕಟ್ಟಿದರೆ ಗೂಡ್ಸ್ ಗಾಡಿ. ಮಂಗಸೂಳಿಯ ಸುತ್ತಿನ ನಮ್ಮ ಊರುಗಳಲ್ಲಿ ಇಂಥ ಗಾಡಿ ಎಳೆಯದೆ ದೊಡ್ಡವರಾದವರು ಕಡಿಮೆ. ಒಂದು ಡಬ್ಬಿಯಲ್ಲಿ ಹುಣಸೆಬೀಜ, ಇನ್ನೊಂದರಲ್ಲಿ ಜೋಳ, ಮತ್ತೊಂದರಲ್ಲಿ ಖಂಡೋಬನ ಗುಡಿಯಿಂದ ತಂದ ಭಂಡಾರ. ಕೊನೆಯದರಲ್ಲಿ ಒಂದು ಇರುವೆ, ಅದಕ್ಕೆ ಗಾರ್ಡಿನ ಕೆಲಸ. ಹಳಿ ಇಲ್ಲ, ಗಾಲಿಯೂ ಇಲ್ಲ. ಆದರೂ ಶೇಡಬಾಳ ಸ್ಟೇಶನ್ನಿನಲ್ಲಿ ನಿಜವಾದ ಗೂಡ್ಸ್ ಹಾದುಹೋಗುವುದನ್ನು ನೋಡಿ ಬಂದ ಹುಡುಗ ಈ ಗಾಡಿಯಲ್ಲಿ ಯಾವ ಕೊರತೆಯನ್ನೂ ಕಾಣುವುದಿಲ್ಲ. ಸರಕು ತುಂಬಬೇಕು, ಒಯ್ಯಬೇಕು, ಇಳಿಸಬೇಕು. ಅಷ್ಟನ್ನು ಅದು ಮಾಡುತ್ತದೆ.

ರೈಲಿನ ಮಾದರಿ ಕಟ್ಟಿ ಓಡಿಸುವ ಹವ್ಯಾಸಿಗಳಲ್ಲಿ ಇಂಥ ಕಲ್ಪನೆಯ ಡಬ್ಬಿಗಳ ವಿಷಯಕ್ಕೆ ಎರಡು ಪಂಗಡಗಳಿವೆ. ಮೊದಲನೆಯವರಿಗೆ ಪ್ರತಿ ರಿವೆಟ್ಟೂ ಲೆಕ್ಕಕ್ಕೆ ಸಿಗಬೇಕು. ವ್ಯಾಗನ್ನಿನ ನಂಬರು, ತುಕ್ಕಿನ ಬಣ್ಣ, ಬ್ರೇಕಿನ ಪೈಪು ಎಲ್ಲವೂ ಹಳಿಯ ಮೇಲೆ ಇದ್ದಂತೆಯೇ ಇರಬೇಕು. ಹಳಿಯ ಮೇಲೆ ಎಂದೂ ಓಡದ ಡಬ್ಬಿ ಅವರಿಗೆ ಬರಿ ಆಟಿಕೆ. ಎರಡನೆಯವರು ನಕ್ಕು ಆ ಡಬ್ಬಿಯನ್ನೇ ಎಂಜಿನ್ನಿನ ಹಿಂದೆ ಜೋಡಿಸುತ್ತಾರೆ. ಮೊದಲ ಪಂಗಡದ ಶ್ರದ್ಧೆ ದೊಡ್ಡದು. ಪುಣೆಯಲ್ಲಿ 1998ರಿಂದ ಇರುವ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯಕ್ಕೆ ಹೋಗಿ, ಸಿಗ್ನಲ್ಲು ಬಿದ್ದು, ಗಾಡಿ ನಿಂತು, ಮತ್ತೆ ಹೊರಡುವುದನ್ನು ನೋಡಿದವರಿಗೆ ಆ ಶ್ರದ್ಧೆಯ ಬೆಲೆ ತಿಳಿಯುತ್ತದೆ.

ಆದರೆ ನಿಖರತೆಗೂ ಒಂದು ಎಲ್ಲೆ ಇದೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಇದು ಯುರೋಪು, ಅಮೆರಿಕಗಳ 1,435 ಮಿಲಿಮೀಟರ್ ಹಳಿಗೆ ಸರಿಯಾದ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗಿಂತ ಹೆಚ್ಚು ಬರುತ್ತದೆ. ಹಾಗಾಗಿ ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ನಮ್ಮ ವ್ಯಾಗನ್ನನ್ನು ಎಷ್ಟು ಕಟ್ಟುನಿಟ್ಟಾಗಿ ಮಾಡಿ ನಿಲ್ಲಿಸಿದರೂ ಗಾಲಿಗಳ ಮಟ್ಟಿಗೆ ಅದು ಕಲ್ಪನೆಯ ವ್ಯಾಗನ್ನೇ. ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ಒಪ್ಪಿಸುವುದು ಯಾವುದು ಎಂಬುದೇ ನನಗೆ ರುಚಿಸುವ ಪ್ರಶ್ನೆ.

ಅಮೆರಿಕದ ಲಯನೆಲ್ ಕಂಪನಿ 1947ರಲ್ಲಿ ಒಂದು ಹಾಲಿನ ಡಬ್ಬಿ ತಂದಿತು. ಗುಂಡಿ ಒತ್ತಿದರೆ ಬಾಗಿಲು ತೆರೆದು, ಒಳಗಿನ ಪುಟ್ಟ ಮನುಷ್ಯ ಹಾಲಿನ ಕ್ಯಾನುಗಳನ್ನು ಒಂದೊಂದಾಗಿ ಪ್ಲಾಟ್‌ಫಾರ್ಮಿಗೆ ದೂಡುತ್ತಾನೆ. ಅಳತೆ ಹಿಡಿದು ನೋಡಿದರೆ ಮನುಷ್ಯ, ಕ್ಯಾನು, ಬಾಗಿಲು ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಅವನ ಕೆಲಸ ನಿಜ. ಆಮೇಲೆ ಅದೇ ಕಂಪನಿ ಜಿರಾಫೆಯ ಡಬ್ಬಿ ಮಾಡಿತು. ಚಾವಣಿಯಿಂದ ಕತ್ತು ಹೊರಚಾಚಿದ ಜಿರಾಫೆ, ಹಳಿಯ ಬದಿಯ ಕಂಬಕ್ಕೆ ಇಳಿಬಿಟ್ಟ ಎಳೆಗಳು ಹತ್ತಿರವಾದೊಡನೆ ತಲೆ ತಗ್ಗಿಸುತ್ತದೆ, ದಾಟಿದ ಮೇಲೆ ಮತ್ತೆ ಎತ್ತುತ್ತದೆ. ಈ ಎಳೆಗಳು ಹುಸಿಯಲ್ಲ. ಗೂಡ್ಸಿನ ಚಾವಣಿಯ ಮೇಲೆ ನಡೆದಾಡಿ ಬ್ರೇಕು ತಿರುಗಿಸುತ್ತಿದ್ದ ಆಳುಗಳಿಗೆ, ಮುಂದೆ ತಗ್ಗಾದ ಸೇತುವೆಯೋ ಸುರಂಗವೋ ಇದೆ ಎಂದು ಬೆನ್ನು ತಟ್ಟಿ ಎಚ್ಚರಿಸಲು ಅಲ್ಲಿಯ ರೈಲ್ವೆಗಳು ನಿಜವಾಗಿಯೂ ಇಂಥ ಹಗ್ಗಗಳನ್ನು ತೂಗುಬಿಡುತ್ತಿದ್ದವು. ಮನುಷ್ಯ ತಗ್ಗುವ ಕಡೆ ಜಿರಾಫೆ ತಗ್ಗಿದೆ, ಅಷ್ಟೇ. ಒಂದು ಆಟಿಕೆಯಲ್ಲಿ ಇಷ್ಟು ಅಚ್ಚುಕಟ್ಟಾದ ಕಲ್ಪನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

1957ರಲ್ಲಿ ಅವರೇ ಹೆಣ್ಣುಮಕ್ಕಳಿಗೆಂದು ಗುಲಾಬಿ ಬಣ್ಣದ ಎಂಜಿನ್ನು, ತಿಳಿನೀಲಿ, ತಿಳಿಹಳದಿ, ನಸುನೇರಳೆ ಡಬ್ಬಿಗಳ ಗೂಡ್ಸ್ ತಂದರು. ಅದು ಮಾರಾಟವಾಗಲಿಲ್ಲ. ಈಗ ಸಂಗ್ರಾಹಕರು ಅದಕ್ಕಾಗಿ ಹುಡುಕಾಡುತ್ತಾರೆ. ಅದರ ಚೆಲುವು ಬಣ್ಣದ್ದು ಮಾತ್ರ. ನೋಡಲು ಹಿತ, ಆದರೆ ಜಿರಾಫೆಯ ಪಕ್ಕದಲ್ಲಿ ನಿಲ್ಲಲಾರದು. ಸಾದಾ ಡಬ್ಬಿಯ ಮೇಲೆ ಹಬ್ಬದ್ದೋ ಬಿಸ್ಕೀಟಿನದೋ ಚಿತ್ರ ಅಂಟಿಸಿ ಮಾರುವ ಡಬ್ಬಿಗಳಂತೂ ನನ್ನ ಮನಸ್ಸಿಗೆ ಹಿಡಿಸಿಲ್ಲ.

ಚನ್ನಪಟ್ಟಣದ ಕಟ್ಟಿಗೆ ರೈಲು ಬೇರೆಯೇ ಜಾತಿ. ಮೆತ್ತನೆಯ ಆಲೆ ಮರವನ್ನು ಲೇತಿಗೆ ಹಾಕಿ ತಿರುಗಿಸುತ್ತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಲೇತಿನಿಂದ ಬರುವುದೆಲ್ಲ ದುಂಡಗೆ ಇರುತ್ತದೆ. ಆದ್ದರಿಂದ ಈ ರೈಲಿನ ಹೊಗೆಕೊಳವೆ, ಗಾಲಿ, ಸರಕು ಎಲ್ಲವೂ ದುಂಡು. ಲೋಕದ ಯಾವ ರೈಲ್ವೆಯಲ್ಲಿಯೂ ಇಲ್ಲದ ರೂಪ ಅದು, ಆದರೆ ಮರ ಮತ್ತು ಲೇತಿನ ಸ್ವಭಾವಕ್ಕೆ ಪೂರಾ ಒಪ್ಪಿದ ರೂಪ. ಮಗುವಿನ ಅಂಗೈಗೆ ಚುಚ್ಚುವ ಮೂಲೆ ಒಂದೂ ಇಲ್ಲ.

ಇನ್ನು ನಿಜದ ಹಳಿಗೆ ಬಂದರೆ, ಕಲ್ಪನೆ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ನಮ್ಮ ಮಗ್ಗುಲಿನ ಮೀರಜದಲ್ಲಿ ಕಷ್ಟ. 1971ರಲ್ಲಿ ಪುಣೆಯ ಕಡೆಯ ಹಳಿ ಬ್ರಾಡ್‌ಗೇಜ್ ಆದ ಮೇಲೆ ಎರಡು ದಶಕಗಳಷ್ಟು ಕಾಲ ಅಲ್ಲಿ ಮೂರು ಅಗಲದ ಹಳಿಗಳು ಒಂದೆಡೆ ಸೇರುತ್ತಿದ್ದವು: ಪುಣೆಯ ಬ್ರಾಡ್‌ಗೇಜ್, ಶೇಡಬಾಳ, ಉಗಾರ, ಕುಡಚಿ ಹಾದು ಬೆಳಗಾವಿಗೆ ಹೋಗುವ ಮೀಟರ್‌ಗೇಜ್, ಕುರ್ಡುವಾಡಿಯ ಕಡೆಗೆ ಬಾರ್ಶಿ ಲೈಟ್ ರೈಲ್ವೆಯ 762 ಮಿಲಿಮೀಟರಿನ ಪುಟ್ಟ ಹಳಿ. ಎವೆರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರು ಕಟ್ಟಿದ ಈ ಬಾರ್ಶಿ ಗಾಡಿ 1897ರಲ್ಲಿ ಶುರುವಾಗಿ 1927ರಲ್ಲಿ ಮೀರಜ ಮುಟ್ಟಿತ್ತು. ಅಣ್ಣ, ತಮ್ಮ, ಕೂಸಿನಂತೆ ಮೂರು ಗಾತ್ರದ ಗೂಡ್ಸುಗಳು ಒಂದೇ ಊರಲ್ಲಿ. ಯಾರಾದರೂ ಮೇಜಿನ ಮೇಲೆ ಇದನ್ನು ಕಟ್ಟಿದರೆ, ತಿಳಿಯದವರು ಅತಿಯಾಯಿತು ಎಂದಾರು.

ಅದೇ ಬಾರ್ಶಿ ಗಾಡಿಯ ಹಾದಿ ಬ್ರಾಡ್‌ಗೇಜ್ ಆದ ಮೇಲೆ, 2016ರ ಏಪ್ರಿಲ್ ತಿಂಗಳಲ್ಲಿ, ಬರದಲ್ಲಿ ಬೆಂದ ಲಾತೂರಿಗೆ ಮೀರಜದಿಂದ ಕುಡಿಯುವ ನೀರು ಹೊತ್ತ ರೈಲು ಹೋಯಿತು. ರಾಜಸ್ಥಾನದ ಕೋಟಾ ವರ್ಕ್‌ಶಾಪಿನಲ್ಲಿ ಹಬೆ ಹಾಯಿಸಿ ತೊಳೆದ ಟ್ಯಾಂಕರುಗಳು ಅವು. ಮೊದಲ ಗಾಡಿಗೆ 10 ಟ್ಯಾಂಕರು, ಸುಮಾರು 5 ಲಕ್ಷ ಲೀಟರು. ಮುಂದೆ 50 ಟ್ಯಾಂಕರುಗಳ ಗಾಡಿಗಳೇ ಓಡಿದವು. ಅದಕ್ಕೂ ಒಂದು ವರ್ಷ ಮೊದಲು ಯಾವ ಹವ್ಯಾಸಿಯಾದರೂ ತನ್ನ ಮಾದರಿಯ ಟ್ಯಾಂಕರುಗಳ ಮೇಲೆ ‘ಕೃಷ್ಣೆಯ ನೀರು, ಲಾತೂರಿಗೆ’ ಎಂದು ಬರೆದಿದ್ದರೆ, ರಿವೆಟ್ಟು ಎಣಿಸುವವರು ಅದನ್ನು ಹಳಿಯಿಂದ ಇಳಿಸುತ್ತಿದ್ದರು.

ಆದ್ದರಿಂದ ಮಂಗಸೂಳಿಯ ಜಾತ್ರೆಯಲ್ಲೋ ಪೇಟೆಯ ಅಂಗಡಿಯಲ್ಲೋ ಮಕ್ಕಳಿಗೆ ಗೂಡ್ಸ್ ಗಾಡಿ ಕೊಡಿಸುವವರಲ್ಲಿ ಒಂದು ಮಾತು. ಎಂಜಿನ್ನಿಗಿಂತ ಮೊದಲು ಡಬ್ಬಿಗಳನ್ನು ಕೈಗೆತ್ತಿಕೊಳ್ಳಿ. ಬಾಗಿಲು ತೆರೆಯುತ್ತದೆಯೇ, ಒಳಗೆ ಒಂದು ಹಿಡಿ ಶೇಂಗಾ ಹಿಡಿಯುತ್ತದೆಯೇ, ಕೊಂಡಿ ಕಳಚಿ ಮತ್ತೆ ಹಾಕಲು ಬರುತ್ತದೆಯೇ ನೋಡಿ. ಇಷ್ಟು ಇದ್ದರೆ ಬಣ್ಣ ಯಾವುದೇ ಇರಲಿ, ಚಾವಣಿಯಿಂದ ಜಿರಾಫೆ ಇಣುಕಲಿ, ಕೊಡಿಸಿಬಿಡಿ.