ಮಂಜು ಮರೆಮಾಡಬೇಕಾದದ್ದು

ರಾಮ್ಸೆ ಸಹೋದರರ ಹಿಂದಿ ಭೂತದ ಚಿತ್ರಗಳನ್ನು ಅಗ್ಗದ ಸರಕೆಂದು ತಳ್ಳಿಹಾಕುವುದು ಸುಲಭ. ಆದರೆ ‘ಪುರಾನಾ ಮಂದಿರ್’ (1984) ಚಿತ್ರದಲ್ಲಿ ಗಂಗು ರಾಮ್ಸೆಯವರ ಕ್ಯಾಮೆರಾ ಮಂಜನ್ನು ಬಳಸಿಕೊಂಡ ಬಗೆ ಗಮನಾರ್ಹ. ಬೆಳಕು ಬಿದ್ದ ಮಂಜು ಸೆಟ್ಟಿನ ಬಡತನವನ್ನು ನುಂಗಿ, ಅಲ್ಲಿಗೊಂದು ಆಳ ಕೊಡುತ್ತದೆ. ಸಾಮ್ರಿಯ ಮುಖ ನಿಚ್ಚಳವಾಗಿ ಕಂಡೊಡನೆ ಮಾತ್ರ ಅರ್ಧ ಭಯ ಇಳಿದುಹೋಗುತ್ತದೆ.

ಕಡಿಮೆ ಖರ್ಚಿನ ಈ ವಿದ್ಯೆ ನಮ್ಮ ಶಾಲೆ, ಯುವಕ ಸಂಘಗಳ ನಾಟಕಗಳಿಗೂ ಒದಗುತ್ತದೆ. ಕೆಂಡದ ಮೇಲಿನ ಸಾಂಬ್ರಾಣಿ ಹೊಗೆ ಮೇಲೇರಿ ಚದುರುತ್ತದೆ. ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನ ಡ್ರೈ ಐಸನ್ನು ಬಿಸಿನೀರಿಗೆ ಹಾಕಿದರೆ, ತಣಿದ ನೀರಾವಿ ಮಂಜಾಗಿ ನೆಲ ಹಿಡಿದು ತೆವಳುತ್ತದೆ. ಭಯ ಹುಟ್ಟಿಸುವುದು ಈ ತೆವಳುವಿಕೆಯೇ.

ಅಗ್ಗವೆಂದ ಮಾತ್ರಕ್ಕೆ ಅದು ನಿರಪಾಯವಲ್ಲ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ. ಅದರಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದೆ ಮುಚ್ಚಿದ ಕೋಣೆಯ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ‘ಶವ’ವಾಗಿ ಮಲಗಿದ ಹುಡುಗ ಉಸಿರಾಡುವುದೂ ಅಲ್ಲೇ. ಅವನನ್ನು ಆ ಮಂಜಿನಲ್ಲಿ ಮಲಗಿಸಬಾರದು. ಕಿಟಕಿ ಬಾಗಿಲು ತೆರೆದಿರಬೇಕು.

ಮಂಜು ಮಿತವಾಗಿದ್ದರೆ ಕಲೆಗೂ ಒಳ್ಳೆಯದು. ಇಡೀ ರಂಗವನ್ನೇ ಅದು ಮುಚ್ಚಿದರೆ ನಟನೂ ಕಾಣುವುದಿಲ್ಲ, ಭೂತವೂ ಕಾಣುವುದಿಲ್ಲ. ಮರೆಮಾಡಲು ಒಂದು ಕಥೆಯಿದ್ದಾಗಲೇ ಮಂಜಿಗೆ ಬೆಲೆ.